ಕುರಿ ಕುಡಿಯದ ನೀರು

ಬಾದಾಮಿ ಗುಡ್ಡದ ಮೇಲೆ ಗೆಳೆಯರೊಂದಿಗೆ ಡೇರೆ ಹಾಕಿದ್ದೆ. ಬೆಳಿಗ್ಗೆ ಉಪ್ಪಿಟ್ಟು ತಿಂದಾದ ಮೇಲೆ ಒಂದು ಚೂರು ಪ್ಲಾಸ್ಟಿಕ್ಕೂ ಉಳಿಯದಂತೆ ಕಸವನ್ನೆಲ್ಲ ಚೀಲಕ್ಕೆ ತುಂಬಿದೆ. ಗುಡ್ಡ ಹೊಲಸು ಮಾಡುವವರ ಬಗ್ಗೆ ಗೆಳೆಯರಿಗೆ ಸಣ್ಣ ಭಾಷಣವನ್ನೂ ಬಿಗಿದೆ. ಆಮೇಲೆ ಬಂಡೆಯ ತಗ್ಗಿನಲ್ಲಿ ನಿಂತಿದ್ದ ಮಳೆನೀರಿನಲ್ಲಿ ಪಾತ್ರೆಗಳಿಗೆ ಸಾಬೂನು ಹಚ್ಚಿ ತೊಳೆದೆ.

ಅಷ್ಟರಲ್ಲಿ ವಯಸ್ಸಾದ ಕುರುಬರೊಬ್ಬರು ಕುರಿಗಳನ್ನು ಹೊಡೆದುಕೊಂಡು ಬಂದರು. ಮುಂದಿದ್ದ ಕುರಿ ನೀರು ಮೂಸಿ ಹಿಂದೆ ಸರಿಯಿತು.

"ಸಾಬೂನ ಹಚ್ಚೀರೇನ್ರಿ?" ಎಂದರು.

"ಹೌದ್ರಿ ಕಾಕಾ. ಇದು ಕುಡಿಯೋ ನೀರಂತ ಗೊತ್ತಾಗಲಿಲ್ರಿ."

"ಗುಡ್ಡದ ಮ್ಯಾಲ ಉಳಿದಿದ್ದು ಇದೊಂದ ನೀರ್ರಿ. ಇರ್ಲಿ, ಕೆಳಗ ಕೆರಿಗೆ ಹೊಡ್ಕೊಂಡು ಹೋಗ್ತೇನಿ."

ನಾನು ಗಾಬರಿಯಿಂದ ತಟ್ಟೆಯಲ್ಲಿ ನೊರೆ ಮೊಗೆದು ಚೆಲ್ಲತೊಡಗಿದೆ. ಎಷ್ಟು ಮೊಗೆದರೂ ನೀರು ತಿಳಿಯಾಗಲಿಲ್ಲ. ಅವರೇ ನನ್ನ ಕೈ ಹಿಡಿದು ನಿಲ್ಲಿಸಿದರು.

"ಬಿಡ್ರಿ ತಮ್ಮಾ, ಮುಂದಿನ ಮಳಿ ಬಂದ್ರ ತಾನ ತೊಳೀತೈತಿ" ಎಂದು ಸಮಾಧಾನ ಹೇಳಿ, ಕುರಿಗಳನ್ನು ತಿರುಗಿಸಿಕೊಂಡು ಬಿಸಿಲಲ್ಲಿ ಇಳಿದು ಹೋದರು.

ಅದು ಜನವರಿ ತಿಂಗಳು. ನಮ್ಮ ಕಡೆ ಮಳೆ ಅಂದರೆ ಜೂನ್. ಅವರು ಬೈದು ಹೋಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಈಗ ಐದು ತಿಂಗಳು ನಾನು ಮುಗಿಲು ನೋಡಿಕೊಂಡೇ ಇರಬೇಕಾಯಿತು.