ನಾಲಿಗೆಯ ತುದಿಯ ‘ಅಬ್ಬಾ’

“ಅಬ್ಬಾ!” ಎಂದರು ಡಾಕ್ಟರು.

ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿಸಿಕೊಂಡು ಕುವೆಂಪುನಗರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಮಲಗಿದ್ದ ನನಗೆ ಜೀವವೇ ಬಾಯಿಗೆ ಬಂತು. ಅವರ ಕಣ್ಣು ಕಂಪ್ಯೂಟರಿನ ಮೇಲೆಯೇ ಇತ್ತು. ಅಲ್ಲಿ ಒತ್ತಿ ನೋಡಿದರು, ಇಲ್ಲಿ ಒತ್ತಿ ನೋಡಿದರು, ಪಕ್ಕದಲ್ಲಿದ್ದ ಸಿಸ್ಟರ್ ಕೈಲಿ ಇಂಗ್ಲಿಷಿನಲ್ಲಿ ಏನೋ ಬರೆಸಿದರು. ತಿಂಗಳಿಂದ ಕಾಡುತ್ತಿದ್ದ ಹೊಟ್ಟೆನೋವು ಯಾವುದೋ ದೊಡ್ಡ ಕಾಯಿಲೆಯೇ ಎಂದು ನಿಶ್ಚಯಿಸಿಕೊಂಡೆ. ನಾನು ಟೈಲರ್. ತೋಳು ಕೂಡಿಸದೆ ಬಿಟ್ಟು ಬಂದ ರವಿಕೆಗಳನ್ನು ಇನ್ನು ಯಾರು ಮುಗಿಸುತ್ತಾರೆ ಎಂಬುದೇ ಮೊದಲು ತಲೆಗೆ ಬಂತು. ಮಗಳ ನೆನಪಾದದ್ದು ಆಮೇಲೆ.

ತಡೆಯಲಾರದೆ ಕೇಳಿದೆ: “ಡಾಕ್ಟ್ರೇ, ಅಬ್ಬಾ ಅಂದ್ರಲ್ಲ, ಏನಾಗಿದೆ?”

“ಅಯ್ಯೋ, ಹೆದರ್ಕೊಂಡ್ಬುಟ್ರಾ? ಎಲ್ಲಾ ಚೆನ್ನಾಗೇ ಇದೆ ಕಣಮ್ಮ. ಇಷ್ಟು ನೀರು ತುಂಬ್ಕೊಂಡು ಹೆಂಗೆ ತಡ್ಕೊಂಡಿದ್ದೀರಿ ಅಂತ ಆಶ್ಚರ್ಯ ಆಯ್ತು, ಅಷ್ಟೇ. ಎದ್ದು ಬಾತ್‌ರೂಮಿಗೆ ಹೋಗಿ ಮೊದ್ಲು!”

ಸ್ಕ್ಯಾನಿಂಗ್‌ಗೆ ನೀರು ಕುಡಿದು ಬರಬೇಕು ಎಂದಿದ್ದರು. ಕಡಿಮೆಯಾದೀತೆಂಬ ಭಯಕ್ಕೆ ನಾನು ಎರಡು ದೊಡ್ಡ ಬಾಟಲಿ ಖಾಲಿ ಮಾಡಿದ್ದೆ.

ಮರುದಿನ ಅಂಗಡಿಗೆ ಹಳೆಯ ಗಿರಾಕಿಯೊಬ್ಬರು ರವಿಕೆಗೆ ಅಳತೆ ಕೊಡಲು ಬಂದರು. ಟೇಪು ಸುತ್ತಿದೆ. ಕಳೆದ ಸಲಕ್ಕಿಂತ ನಾಲ್ಕು ಇಂಚು ಕಡಿಮೆ. ‘ಅಬ್ಬಾ’ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ತಲೆಯೆತ್ತಿದರೆ, ಅವರು ಟೇಪನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ನುಂಗಿಕೊಂಡು, ಸುಮ್ಮನೆ ಅಳತೆ ಬರೆದುಕೊಂಡೆ.