ಸಾತಲಿಂಗಪ್ಪನವರು ಮಡಚಿದ ಹಾಯಿ

ಸೋಲಾಪುರದಲ್ಲಿ ಚಾದರ ಮಾರುವವರಿಗೇನು ಬರವಿಲ್ಲ. ಆದರೆ ನಮ್ಮ ಪಕ್ಕದ ಅಂಗಡಿಯ ಸಾತಲಿಂಗಪ್ಪನವರಷ್ಟು ಅಚ್ಚುಕಟ್ಟಾಗಿ ಚಾದರ ಮಡಚುವವರನ್ನು ನಾನಂತೂ ಕಂಡಿಲ್ಲ. ಮುದುಡಿದ ಬಟ್ಟೆ ಕಣ್ಣಿಗೆ ಬಿದ್ದರೆ ಸಾಕು, ಅವರ ಕೈ ಸುಮ್ಮನಿರುವುದಿಲ್ಲ. ಒಮ್ಮೆ ನನ್ನ ಹೆಗಲ ಮೇಲಿನ ಟವೆಲನ್ನೇ ಎಳೆದುಕೊಂಡು ಮಡಚಿ ಕೊಟ್ಟಿದ್ದರು. ಇಂಥವರ ಮಗಳು ಸಾಯಲಿಗೆ ಹಾಯಿದೋಣಿಯ ಹುಚ್ಚು.

ರವಿವಾರ ಬಂತೆಂದರೆ ಅವಳು ಸೋದರತ್ತೆಯ ಮಗ ಮಂದಾರನ ಜೊತೆ ಉಜನಿ ಅಣೆಕಟ್ಟಿನ ಹಿನ್ನೀರಿಗೆ ಹೋಗುತ್ತಾಳೆ. ಚುಕ್ಕಾಣಿ ಅವನದು, ಮುಂದಿನ ಹಾಯಿಗಳು ಅವಳವು. ಈ ವರ್ಷ ಮಂದಾರ ಮೊದಲಿನದಕ್ಕಿಂತ ದೊಡ್ಡ ಸ್ಪಿನೇಕರ್ ತರಿಸಿದ. ಗಾಳಿ ಬೆನ್ನಿಗೆ ಬಂದಾಗ ದೋಣಿಯ ಮುಂದೆ ಏರಿಸುವ ತೆಳು ಹಾಯಿ ಅದು. ಹೊಟ್ಟೆ ಉಬ್ಬಿಸಿಕೊಂಡು ದೋಣಿಯನ್ನು ಎಳೆದೊಯ್ಯುತ್ತದೆ. ದೊಡ್ಡದಾದಷ್ಟೂ ವೇಗ ಹೆಚ್ಚು, ಹಗ್ಗದ ಎಳೆತವೂ ಹೆಚ್ಚು. ಕೈತಪ್ಪಿದರೆ ದೋಣಿ ಮಗುಚುತ್ತದೆ. ಸಾಯಲಿಯೋ ಕಡ್ಡಿಯಂಥ ಹುಡುಗಿ. ಇವಳ ಕೈಲಾಗದಿದ್ದರೆ ತನ್ನ ದಪ್ಪ ಗೆಳೆಯ ಪ್ರಸಾದನನ್ನು ಕೂರಿಸುತ್ತೇನೆಂದು ಮಂದಾರ ಹೇಳಿಬಿಟ್ಟಿದ್ದ. ಅವಳಿಗೆ ಊಟ ಸೇರದಂತಾಯಿತು.

ದೋಣಿ ಪಂದ್ಯದ ದಿನ ಸಾತಲಿಂಗಪ್ಪನವರ ಗಾಡಿಯಲ್ಲಿ ನಾನೂ ಹೋದೆ. ಮೊದಲ ಓಟದಲ್ಲಿ ಸಾಯಲಿ ಹಗ್ಗ ಜಗ್ಗಿದಳು. ಹಾಯಿ ಅರ್ಧ ಏರಿ, ಹಿಂಡಿದ ಸೀರೆಯ ಹಾಗೆ ಹೊಸೆದುಕೊಂಡು ನಿಂತಿತು. ಉಳಿದ ದೋಣಿಗಳೆಲ್ಲ ಮುಂದೆ ಹೋದವು. ದಡಕ್ಕೆ ಬಂದ ಮಂದಾರ, ಮುಂದಿನ ಓಟಕ್ಕೆ ಪ್ರಸಾದ ಬರಲಿ ಎಂದ. ಸಾಯಲಿ ಹಾಯಿಯ ಮೇಲಿನ ನೇರವಾದ ಮಡಿಕೆಯ ಗೆರೆಗಳನ್ನೇ ನೋಡುತ್ತಿದ್ದಳು. ಮಡಚಿದರೆ ಏರಿಸುವಾಗ ಹೊಸೆದುಕೊಳ್ಳುತ್ತದೆಂದು ಸ್ಪಿನೇಕರನ್ನು ಮಡಚುವುದಿಲ್ಲ; ಅಂಚು ತಿರುಚಿಲ್ಲವೆಂದು ಕೈಯಾಡಿಸಿ ನೋಡುತ್ತ, ಮುದ್ದೆ ಮಾಡಿ ಚೀಲಕ್ಕೆ ತುರುಕುತ್ತಾರೆ. ಹಿಂದಿನ ದಿನ ಅವಳು ಹಾಗೇ ತುಂಬಿದ್ದಳು. ಇದು ಯಾರ ಕೈಕೆಲಸವೆಂದು ಅವಳಿಗೆ ತಿಳಿದಿತ್ತು. ಆ ಗೆರೆಗಳು ಮಂದಾರನಿಗೆ ಕಾಣದಂತೆ ಹಾಯಿಯನ್ನು ಮುದ್ದೆ ಮಾಡತೊಡಗಿದಳು.

ಸಾತಲಿಂಗಪ್ಪನವರೇ ಮುಂದೆ ಬಂದರು.

"ಮಂದಾರ, ಅದನ್ನ ಮಡಚಿದಾಂವ ನಾ. ಚೀಲದಾಗ ಮುದ್ದಿ ಆಗಿ ಬಿದ್ದಿತ್ತು, ಜೀವ ತಡೀಲಿಲ್ಲ. ಆಕೀದೇನೂ ತಪ್ಪಿಲ್ಲ. ಬೈಯೂದಿದ್ರ ನನಗ ಬೈ."

ಇಷ್ಟು ಜನರೆದುರು ಸೋದರಮಾವನನ್ನು ಬೈಯುವುದು ಹೇಗೆ? ಮಂದಾರ ತಲೆ ಕೆರೆದುಕೊಂಡು, ಇನ್ನೊಂದು ಓಟ ನೋಡೋಣ ಎಂದ.

ಈ ಸಲ ಸಾಯಲಿ ತಾನೇ ತುಂಬಿಕೊಂಡು ಹೋದಳು. ಹಾಯಿ ಒಂದೇ ಜಗ್ಗಿಗೆ ಮೇಲೇರಿ ಪಟ್ಟನೆ ಬಿಚ್ಚಿಕೊಂಡಿತು. ಅವಳು ಮೈಯನ್ನೆಲ್ಲ ದೋಣಿಯ ಹೊರಗೆ ಚಾಚಿ, ಹಾಯಿಯ ಅಂಚು ಸ್ವಲ್ಪ ಸುರುಳುವವರೆಗೆ ಹಗ್ಗ ಬಿಡುತ್ತಾಳೆ, ಸುರುಳಿದ ಕೂಡಲೇ ತುಸು ಎಳೆಯುತ್ತಾಳೆ. ನಡುವೆ ಜೋರು ಗಾಳಿ ಬಡಿದು ದೋಣಿ ವಾಲಿತು. ಅವಳು ಹಗ್ಗ ಸಡಿಲಿಸಿ ದೋಣಿಯನ್ನು ನೆಟ್ಟಗೆ ನಿಲ್ಲಿಸಿಕೊಂಡಳು. ಎರಡನೆಯವರಾಗಿ ಬಂದರು.

"ಮುಂದಿನ ರವಿವಾರಾನೂ ನೀನ ಬಾ" ಎಂದ ಮಂದಾರ.

ಸಾತಲಿಂಗಪ್ಪನವರು ಕಣ್ಣೊರೆಸಿಕೊಂಡು, ಇನ್ನು ಆ ಬಟ್ಟೆಗೆ ಕೈ ಹಚ್ಚುವುದಿಲ್ಲವೆಂದು ಹೇಳಿ ಗಾಡಿಯ ಕಡೆ ಹೊರಟರು. ಸಾಯಲಿ ತಡೆದಳು.

"ಹಾಂಗಂದ್ರ ಹೆಂಗ್ರಿ ಅಪ್ಪಾ? ನೀವು ಅಂಚ ಹಿಡೀರಿ, ನಾ ತುಂಬತೀನಿ."

ಅವರು ಅಂಚು ಹಿಡಿದರು. ಬಟ್ಟೆ ಮುದ್ದೆಯಾಗಿ ಚೀಲದೊಳಗೆ ಹೋಗುವಷ್ಟು ಹೊತ್ತೂ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡೇ ನಿಂತಿದ್ದರು.