ಮೇಲಿನ ಎರಡು ಹಲ್ಲು

1998ರಲ್ಲಿ ನಾನು ಸವದತ್ತಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದೆ. ಇಷ್ಟುದ್ದದ ಹುದ್ದೆಯ ಹೆಸರು ಹೇಳುವ ಪುರಸೊತ್ತು ಊರಲ್ಲಿ ಯಾರಿಗೂ ಇರಲಿಲ್ಲ; ಎಲ್ಲರಿಗೂ ನಾನು ನರ್ಸಬಾಯಿ. ಊರು ಮನೋಳಿಗೂ ಯರಗಟ್ಟಿಗೂ ನಡುವೆ ರಸ್ತೆಯಿಂದ ಸ್ವಲ್ಪ ಒಳಗಿತ್ತು. ಆ ಮನೆಯವರು ಇನ್ನೂ ಅಲ್ಲೇ ಇದ್ದಾರೆ, ಆದ್ದರಿಂದ ಊರಿನ ಹೆಸರು ಬೇಡ. ಜನರ ಹೆಸರನ್ನೂ ಬದಲಿಸಿದ್ದೇನೆ.

ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ಉತ್ಸಾಹ ಎನ್ನುವುದನ್ನು ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಬಂದೆನೋ ನೆನಪಿರಲಿಲ್ಲ. ಲಸಿಕೆಯ ಐಸ್ ಡಬ್ಬಿ ಹೊತ್ತು ಹೊತ್ತು ಬಲಗಡೆಯ ಭುಜ ಒಂದಿಷ್ಟು ಕೆಳಗಿಳಿದಿತ್ತು. ಬಸುರಿ, ಬಾಣಂತಿ, ಕೂಸು, ಮತ್ತೆ ಬಸುರಿ. ಹೇಳಿದ್ದನ್ನೇ ಹೇಳುವುದು, ಕೇಳಿದವರು "ಹೂಂ ರೀ" ಅನ್ನುವುದು, ಮರುವಾರ ಹೋದರೆ ಎಲ್ಲ ಮೊದಲಿನ ಹಾಗೇ ಇರುವುದು. ಮನೆಗೆ ಬಂದು ಕಾಲು ನೀಡಿ ಕುಳಿತರೆ ಅಡುಗೆಗೆ ಏಳಬೇಕಲ್ಲ ಎಂದು ಅಳು ಬರುತ್ತಿತ್ತು.

ಆ ವರ್ಷ ನನ್ನನ್ನು ಹೆಚ್ಚು ದಣಿಸಿದ್ದು ಗೌರವ್ವನ ಮನೆಯ ಕೂಸು, ಮಲ್ಲು. ಗೌರವ್ವ ಅವನ ತಾಯಿಯ ತಾಯಿ. ಮಗಳು ಶಾಂತವ್ವನನ್ನು ರಾಮದುರ್ಗದ ಕಡೆ ಕೊಟ್ಟಿದ್ದರು. ಅವಳು ಐದು ತಿಂಗಳ ಬಸುರಿಯಿದ್ದಾಗ ಗಂಡ ಹೊಲದಲ್ಲಿ ಹಾವು ಕಚ್ಚಿ ತೀರಿಕೊಂಡ. ಹೆರಿಗೆಗೆಂದು ತವರಿಗೆ ಬಂದವಳು ಅಲ್ಲೇ ಉಳಿದಳು. ಆ ಮನೆಗೆ ದುಡಿದು ಹಾಕುತ್ತಿದ್ದವನು ಒಬ್ಬನೇ, ಶಾಂತವ್ವನ ಅಣ್ಣ ಈರಪ್ಪ. ಮನೋಳಿ-ಯರಗಟ್ಟಿ ನಡುವೆ ಜನರನ್ನು ಸಾಗಿಸುವ ಟೆಂಪೋ ಓಡಿಸುತ್ತಿದ್ದ.

ಆರು ತಿಂಗಳಾದ ಮೇಲೆ ಕೂಸಿಗೆ ಎದೆಹಾಲು ಒಂದೇ ಸಾಲುವುದಿಲ್ಲ. ಅದರ ಜೊತೆಗೆ ಕೊಡುವ ಊಟಕ್ಕೆ ನಮ್ಮ ಇಲಾಖೆಯ ಭಾಷೆಯಲ್ಲಿ ಪೂರಕ ಆಹಾರ ಎನ್ನುತ್ತಾರೆ. ಮೊದಲು ನುಣ್ಣಗೆ ಕಲಸಿದ್ದು, ಎಂಟು ಒಂಬತ್ತು ತಿಂಗಳಿಗೆ ಕೂಸು ತಾನೇ ಕೈಯಲ್ಲಿ ಹಿಡಿದು ಕಚ್ಚಿ ತಿನ್ನುವಂಥ ಮೆತ್ತನೆಯ ತುಂಡುಗಳು. ಶಾಂತವ್ವ ಇದನ್ನೆಲ್ಲ ಸರಿಯಾಗಿಯೇ ಶುರು ಮಾಡಿದ್ದಳು. ಹಾಲಿನಲ್ಲಿ ರೊಟ್ಟಿ ಮಿದ್ದು ತಿನ್ನಿಸುವುದನ್ನು ನಾನೇ ಕಣ್ಣಾರೆ ಕಂಡಿದ್ದೆ. ಆರನೇ ತಿಂಗಳಿಗೆ ಮಲ್ಲು ಆರೂವರೆ ಕಿಲೋ ತೂಗಿದ್ದ. ಒಂಬತ್ತನೇ ತಿಂಗಳಲ್ಲಿ ತಕ್ಕಡಿಗೆ ಹಾಕಿದರೆ ಮುಳ್ಳು ಮತ್ತೆ ಅಲ್ಲೇ ನಿಂತಿತು. ತೋಳಿನ ಚರ್ಮ ಸಡಿಲಾಗಿತ್ತು. ಅಳುವುದಕ್ಕೂ ಬೇಸರ ಎನ್ನುವಂತೆ ಅಳುತ್ತಿದ್ದ.

ಏನು ಕೊಡುತ್ತೀರಿ ಎಂದು ಕೇಳಿದರೆ ಗೌರವ್ವ, "ಎಲ್ಲಾ ಕೊಡತೇವ್ರಿ, ಅದಕ್ಕ ಮೈ ಹತ್ತೂದಿಲ್ಲ" ಎನ್ನುತ್ತಿದ್ದಳು. ಭೇದಿ ಇರಲಿಲ್ಲ, ಜ್ವರ ಇರಲಿಲ್ಲ. ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ ಎಂದರೆ ನಾಳೆ, ನಾಡಿದ್ದು. ಬಾಳೆಹಣ್ಣು ಹೀಗೆ ಕಿವಿಚಿ, ಗೆಣಸು ಹೀಗೆ ಕುದಿಸಿ ಎಂದು ನಾನು ನನ್ನ ಪಾಠ ಒಪ್ಪಿಸಿ ಬರುತ್ತಿದ್ದೆ. ನನಗೆ ಸಿಟ್ಟೂ ಬರುತ್ತಿತ್ತು. ಗಂಡುಕೂಸು, ಮನೆಯಲ್ಲಿ ಎಮ್ಮೆ ಕಟ್ಟಿದ್ದಾರೆ, ಇವರಿಗೇನು ಧಾಡಿ ಅನಿಸುತ್ತಿತ್ತು.

ಒಂದು ದಿನ ಹೋದಾಗ ಗೌರವ್ವ ಹೊಲಕ್ಕೆ ಹೋಗಿದ್ದಳು. ನಾಲಿಗೆ ಎಷ್ಟು ಬಿಳುಪೇರಿದೆ ನೋಡೋಣವೆಂದು ಮಲ್ಲುವಿನ ಗದ್ದ ಹಿಡಿದೆ. ಶಾಂತವ್ವ ತಟ್ಟನೆ ಸೆರಗನ್ನು ಅವನ ಬಾಯಿಗೆ ಮರೆ ಮಾಡಿದಳು. ಅಷ್ಟರಲ್ಲಿ ನನ್ನ ಬೆರಳು ಒಳಗೆ ಹೋಗಿತ್ತು, ಅವನು ಕಚ್ಚಿಯೂ ಆಗಿತ್ತು. ಕೆಳಗಿನ ವಸಡು ಬೋಳು. ಮೇಲೆ, ನಡುವಿನಲ್ಲಿ, ಅಕ್ಕಿಕಾಳಿನ ತುದಿಯಷ್ಟು ಎರಡು ಹಲ್ಲು.

ಆಗ ನನಗೆ ಎಲ್ಲ ತಿಳಿಯಿತು. ಕೂಸಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎಂಬ ನಂಬಿಕೆ ನಮ್ಮ ಕಡೆ ಇದೆ. ನಾನೂ ಅದನ್ನು ಕೇಳುತ್ತಲೇ ಬೆಳೆದವಳು. ಉಳಿದದ್ದನ್ನು ಶಾಂತವ್ವನೇ ಹೇಳಿದಳು. ಎರಡು ತಿಂಗಳ ಹಿಂದೆ ಮೇಲಿನ ವಸಡು ಉಬ್ಬಿದ್ದನ್ನು ಗೌರವ್ವ ಕಂಡಿದ್ದಳು. ಗಟ್ಟಿ ಪದಾರ್ಥ ಅಗಿದರೆ ಹಲ್ಲು ಬೇಗ ಇಳಿಯುತ್ತವೆ, ಬರೀ ಹಾಲು, ಗಂಜಿಯ ತಿಳಿ ಕುಡಿದುಕೊಂಡಿದ್ದರೆ ತಡೆಯುತ್ತವೆ, ಅಷ್ಟರಲ್ಲಿ ಕೆಳಗಿನವು ಬಂದುಬಿಡಲಿ ಎಂಬುದು ಅವಳ ಲೆಕ್ಕ. ಅಂದಿನಿಂದ ಕೂಸಿನ ಬಾಯಿಗೆ ಒಂದಗುಳು ತಾಗಿಸಿರಲಿಲ್ಲ. ಈರಪ್ಪನಿಗೂ ತಿಳಿಸಿರಲಿಲ್ಲ.

"ನೀ ತಾಯಿ ಅದಿ. ನೀನರ ತಿಳಕೋಬಾರದಾ?" ಎಂದು ಶಾಂತವ್ವನ ಮೇಲೆ ಹರಿಹಾಯ್ದೆ.

ಅವಳು ಕೂಸನ್ನು ಎದೆಗವಚಿಕೊಂಡು ಹೇಳಿದಳು: "ಇಂವ ಹುಟ್ಟೂಕಿಂತ ಮೊದಲ ನಮ್ಮತ್ತಿ ಅಂದಾಳ್ರಿ, ಹೊಟ್ಯಾಗಿದ್ದಾಗನ ಅಪ್ಪನ್ನ ತಿಂತು ಅಂತ. ಈಗ ಮಾವನ್ನೂ ತಿಂತು ಅನ್ನಸ್ಲೇನು? ಅಣ್ಣಗ ಏನರ ಆದ್ರ ಈ ಕೂಸನ್ನ ಕಟಗೊಂಡು ನಾ ಎಲ್ಲಿಗೆ ಹೋಗ್ಲಿ? ಅಣ್ಣನ ಮುಂದ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೇನಿ."

ನನ್ನ ಪಾಠದಲ್ಲಿ ಎಷ್ಟು ಚಮಚ, ದಿನಕ್ಕೆ ಎಷ್ಟು ಸಲ ಎಂಬುದಷ್ಟೇ ಇತ್ತು. ಸಂಜೆಯವರೆಗೆ ಕಾದು ಗೌರವ್ವನ ಹತ್ತಿರವೂ ಮಾತಾಡಿದೆ. ಹಲ್ಲು ಬರುವ ಕ್ರಮ ಕೂಸಿನಿಂದ ಕೂಸಿಗೆ ಬೇರೆ, ಊಟ ಬಿಡಿಸಿದರೆ ಹಲ್ಲು ನಿಲ್ಲುವುದಿಲ್ಲ, ಈಗಾಗಲೇ ಬಂದಿವೆ ನೋಡು ಎಂದೆ. ಅವಳು ಎಲ್ಲ ಕೇಳಿ ಒಂದೇ ಮಾತು ಕೇಳಿದಳು: "ನನ್ನ ಮಗಗ ಏನೂ ಆಗೂದಿಲ್ಲಂತ ನೀವು ಹೊಣಿ ಆಗ್ತೀರೇನ್ರಿ?"

ಆಗುತ್ತೇನೆ ಎಂದಿದ್ದರೆ ಬಹುಶಃ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ದಿನವಿಡೀ ಹರಕು ರಸ್ತೆಯಲ್ಲಿ ಓಡಾಡುವ ಟೆಂಪೋದ ಡ್ರೈವರನಿಗೆ ಏನೂ ಆಗುವುದಿಲ್ಲವೆಂದು ಯಾರು ಹೊಣೆಯಾಗುತ್ತಾರೆ? ಗೌರವ್ವ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಯರಗಟ್ಟಿಗೆ ಹೋಗಬೇಕಿತ್ತು. ಶಾಂತವ್ವನ ಮಾತು ಉಳಿಸುವುದೋ ಕೂಸನ್ನು ಉಳಿಸುವುದೋ ಎಂದು ರಸ್ತೆಯವರೆಗೂ ಯೋಚಿಸಿದೆ. ಕಡೆಗೆ ಎರಡು ಟೆಂಪೋ ಬಿಟ್ಟು ಈರಪ್ಪನ ಟೆಂಪೋ ಬರುವವರೆಗೆ ನಿಂತು ಅವನ ಪಕ್ಕದ ಸೀಟಿನಲ್ಲಿ ಕುಳಿತೆ. ಸದಾ ನಗುವ, ನಗಿಸುವ ಹುಡುಗ ಅವನು. ಹತ್ತನೆಯ ಇಯತ್ತೆ ಪಾಸಾಗಿದ್ದ. ಇವನಿಗೆ ಹೇಳಿದರೆ ನಕ್ಕುಬಿಡುತ್ತಾನೆ, ಮನೆಗೆ ಹೋಗಿ ಇಬ್ಬರನ್ನೂ ಗದರಿಸುತ್ತಾನೆ ಎಂದೇ ನಾನು ನಂಬಿದ್ದೆ.

"ತಮ್ಮಾ, ನಿನ್ನ ಅಳಿಯ ಯಾಕ ಸೊರಗ್ಯಾನ ಗೊತ್ತೈತೇನು?"

"ಹೊಟ್ಟಿಬ್ಯಾನಿ ಅಂತ ಅಂದಾಳಲ್ರಿ ಅವ್ವ."

"ಹೊಟ್ಟಿಬ್ಯಾನಿ ಅಲ್ಲ. ಹೊಟ್ಟಿಗೇ ಹಾಕಿಲ್ಲ."

ಹಿಂದಿನವರಿಗೆ ಕೇಳದಂತೆ ಎಲ್ಲ ಹೇಳಿದೆ. ಅವನು ನಗಲಿಲ್ಲ. ಟೆಂಪೋವನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. ಹಿಂದಿನಿಂದ "ಯಾಕಪ್ಪೋ, ಪಂಕ್ಚರ್ ಆತೇನು?" ಎಂದು ಯಾರೋ ಕೂಗಿದರು. ಅವನ ಮುಖದ ಬಣ್ಣ ಇಳಿದುಹೋಗಿತ್ತು.

"ಮ್ಯಾಲಿನವ ಮೊದಲ ಬಂದಾವೇನ್ರಿ? ಖರೇನ?"

ಅವನೂ ನಂಬುವವನೇ. ಅಮ್ಮನಷ್ಟೇ, ಇಲ್ಲ, ಅಮ್ಮನಿಗಿಂತ ಹೆಚ್ಚಾಗಿ. ಇದ್ದ ಒಂದು ದಾರಿಯನ್ನೂ ಕೆಡಿಸಿಕೊಂಡಿದ್ದೆ.

"ಅಕ್ಕಾರ, ನೀವ ಹೇಳ್ರಿ. ನನಗ ಏನೂ ಆಗೂದಿಲ್ಲಲ್ಲಾ?"

"ನಿನ್ನ ರಸ್ತಾದ್ದು ನನಗ ಗೊತ್ತಿಲ್ಲ ತಮ್ಮಾ. ಕೂಸಿಂದ್ ಗೊತ್ತೈತಿ. ಹಿಂಗ ಬಿಟ್ರ, ಒಮ್ಮೆ ಭೇದಿ ಹತ್ತಿದ್ರ ಸಾಕು, ಅದು ತಡಿಯೂದಿಲ್ಲ."

ಅವನು ಗಾಡಿ ಚಾಲೂ ಮಾಡಿದ. ಯರಗಟ್ಟಿಯಲ್ಲಿ ನಾನು ಇಳಿದಾಗ ನನ್ನ ಕಡೆ ನೋಡಲೂ ಇಲ್ಲ.

ಆ ವಾರ ಕಳೆದದ್ದು ಬಹಳ ಕಷ್ಟದಲ್ಲಿ. ಮುಂದಿನ ವಾರ ಅವರ ಓಣಿಗೆ ಹೋಗಲು ಮನಸ್ಸೇ ಇರಲಿಲ್ಲ, ಆದರೂ ಹೋದೆ. ಟೆಂಪೋ ಮನೆಯ ಮುಂದೆ ನಿಂತಿತ್ತು. ಈರಪ್ಪ ಜಳಕ ಮಾಡಿ, ಒಗೆದ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದ. ಮುಂದೆ ತಾಟಿನಲ್ಲಿ ಕುದಿಸಿದ ಗೆಣಸು ಇತ್ತು.

"ಬರ್ರಿ ಅಕ್ಕಾರ, ಕುಂಡ್ರಿ. ಹೆಂಗ ಕೊಡಬೇಕು ತೋರಸ್ರಿ. ನಾನ ಕೊಡತೇನಿ."

ಶಾಂತವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು "ಬ್ಯಾಡೋ ಅಣ್ಣಾ" ಎಂದು ಅಳುತ್ತಿದ್ದಳು. ಗೌರವ್ವ ಮಗನ ಮುಂಗೈಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ಅವನು "ಅವ್ವಾ, ಕೈ ಬಿಡು" ಎಂದ. ಸಿಟ್ಟಿನಿಂದ ಅಲ್ಲ, ಮೆಲ್ಲಗೇ ಅಂದ. ಸ್ವಲ್ಪ ಹೊತ್ತಿನ ಮೇಲೆ ಅವಳು ಬಿಟ್ಟಳು.

ಸಿಪ್ಪೆ ತೆಗೆದು, ನಾರು ಬಿಡಿಸಿ, ಬೆರಳಿನ ಉದ್ದಕ್ಕೆ ತುಂಡು ಮಾಡಿಸಿದೆ. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಹಿಸುಕಿಹೋಗುವಷ್ಟು ಮೆತ್ತಗಿರಬೇಕು, ಕೂಸನ್ನು ನೆಟ್ಟಗೆ ಕೂರಿಸಿಕೊಳ್ಳಬೇಕು, ಒರಗಿಸಬಾರದು ಎಂದೆ. ಈರಪ್ಪ ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡು ತುಂಡನ್ನು ಮಲ್ಲುವಿನ ತುಟಿಗೆ ಮುಟ್ಟಿಸಿದ. ಕೂಸು ನಾಲಿಗೆಯಿಂದ ಹೊರಗೆ ತಳ್ಳಿತು. "ನೋಡ್, ದೇವರ ಬ್ಯಾಡ ಅನ್ನಾಕತ್ತಾನ" ಎಂದಳು ಗೌರವ್ವ. ಕುಡಿದೇ ರೂಢಿಯಾದ ನಾಲಿಗೆ ಮೊದಲು ಹಾಗೇ ತಳ್ಳುತ್ತದೆ ಎಂದು ಹೇಳಿ ಮತ್ತೆ ಕೊಡಲು ಹೇಳಿದೆ. ಎರಡನೇ ಸಲ ಓಕರಿಕೆ ಬಂತು, ಮುಖ ಕೆಂಪಗಾಯಿತು, ಮೂವರೂ ನನ್ನ ಮುಖ ನೋಡಿದರು. ಅಷ್ಟರಲ್ಲಿ ಕೂಸು ಕೆಮ್ಮಿ ತಾನೇ ಸರಿಪಡಿಸಿಕೊಂಡಿತು. ಮೂರನೇ ಸಲ ಈರಪ್ಪ ಕೈ ಮುಂದೆ ಮಾಡುವಷ್ಟರಲ್ಲಿ ಮಲ್ಲು ಅವನ ಬೆರಳು ಸಮೇತ ಆ ತುಂಡನ್ನು ಹಿಡಿದೆಳೆದು, ಆ ಎರಡೇ ಹಲ್ಲಿನಿಂದ ಕೆರೆದು ಕೆರೆದು ತಿನ್ನತೊಡಗಿದ. ಮೂಗು, ಗಲ್ಲ, ಮಾವನ ಒಗೆದ ಅಂಗಿ, ಎಲ್ಲ ಕಡೆ ಗೆಣಸೇ.

ಗೌರವ್ವ ದೇವರ ಮುಂದಿನ ವಿಭೂತಿ ತಂದು ಹಚ್ಚಿದ್ದು ಮಗನ ಹಣೆಗೆ, ಕೂಸಿನ ಹಣೆಗಲ್ಲ. ಆಮೇಲೆ ಕಣ್ಣೊರೆಸಿಕೊಂಡು "ಇನ್ನೊಂದ್ ಗೆಣಸ ಕುದಸ್ಲೇನ್ರಿ?" ಎಂದು ಕೇಳಿದಳು.

ಮೂರು ತಿಂಗಳಲ್ಲಿ ಮಲ್ಲು ಎಂಟು ಕಿಲೋ ದಾಟಿದ. ಈರಪ್ಪ ಇವತ್ತಿಗೂ ಆರಾಮಾಗಿದ್ದಾನೆ, ಆದರೆ ಅದನ್ನು ನಾನು ಯಾರ ಮುಂದೆಯೂ ಸಾಕ್ಷಿಯೆಂದು ಹೇಳಿಲ್ಲ. ಅಂದು ಅವನಿಗೆ ಆ ಭರವಸೆ ಯಾರೂ ಕೊಟ್ಟಿರಲಿಲ್ಲ.

ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ಹೊಸದಾಗಿ ಬಂದ ಹುಡುಗಿಯರು ನನ್ನ ಜೊತೆ ಊರು ತಿರುಗುತ್ತಿದ್ದರು. ಕೂಸಿಗೆ ಊಟ ಕೊಡದ ಮನೆ ಸಿಕ್ಕರೆ ಪಾಠ ಶುರು ಮಾಡಬೇಡಿ, ಯಾರ ಸಲುವಾಗಿ ಹೆದರಿದ್ದೀರಿ ಎಂದು ಮೊದಲು ಕೇಳಿ ಎಂದು ಅವರಿಗೆ ಹೇಳುತ್ತಿದ್ದೆ. ಜನ ಇಂಥ ನಂಬಿಕೆ ಬಿಟ್ಟ ಮೇಲೇ ಒಳ್ಳೆಯ ಕೆಲಸ ಮಾಡುತ್ತಾರೆ ಎಂದು ಹದಿನಾಲ್ಕು ವರ್ಷ ತಿಳಿದಿದ್ದೆ. ಅಷ್ಟು ದಣಿದದ್ದೂ ಅದಕ್ಕೇ ಇರಬೇಕು. ಆ ದಿನ ಹೊರಡುವಾಗ ಈರಪ್ಪ ಬಾಗಿಲವರೆಗೆ ಬಂದು, ಒಳಗಿನವರಿಗೆ ಕೇಳದಂತೆ, "ಇವತ್ತ ಗಾಡಿ ತಗಿಯೂದಿಲ್ರಿ ಅಕ್ಕಾರ, ಧೈರ್ಯ ಸಾಲವಲ್ದು" ಎಂದಿದ್ದ. ನನಗೆ ಆ ಗೆಣಸಿನ ತುಂಡು ಬರೀ ಗೆಣಸಾಗಿತ್ತು. ಅವನು ತನ್ನ ಜೀವ ಹೋಗಬಹುದು ಎಂದು ನಂಬಿಕೊಂಡೇ ಅದನ್ನು ಕೂಸಿನ ಬಾಯಿಗೆ ಕೊಟ್ಟಿದ್ದ.